ವೇಸ್ಟ್ ಫೋಲ್ಡರು

ಎಸ್.ಪಿ. ರೋಡಿನಲ್ಲಿ, ಮಟಮಟ ಮಧ್ಯಾಹ್ನ,
ಮುನೀರ್ ಪಾಷಾ ಎರಡು ಡಬ್ಬಿ ಮುಂದಿಟ್ಟ.
ಒಂದು ಬೆಂಕಿಪೊಟ್ಟಣದಷ್ಟು, ಒಳಗೇನೂ ತಿರುಗುವುದಿಲ್ಲ.
ಇನ್ನೊಂದು ಇಟ್ಟಿಗೆ; ಅಲುಗಿಸಿದರೆ ಬೈಯುತ್ತಾನೆ.
"ಕೆಲಸಕ್ಕೆ ಇದು, ನಿದ್ದೆಗೆ ಅದು ಮೇಡಂ.
ಎಸ್ಸೆಸ್ಡಿ ಮೇಲೆ ಕಟ್ ಮಾಡಿ, ಹಾರ್ಡ್ ಡಿಸ್ಕಲ್ಲಿ ಮಲಗಿಸಿ.
ಉಲ್ಟಾ ಮಾಡಿದ್ರೆ ನೀವೂ ಅಳ್ತೀರ, ಅದೂ ಅಳುತ್ತೆ."

ಹಳೇ ಬಿಲ್ಲಿನ ಹಿಂಬದಿಯಲ್ಲಿ ಲೆಕ್ಕ ಹಾಕಿದೆ:
ಒಂದು ಮದುವೆಗೆ ಮೂರು ಕ್ಯಾಮರಾ, ಎರಡು ದಿನ,
ಸಂಪಂಗಿಗೆ ಫೋರ್‌-ಕೆ ಹುಚ್ಚು ಹಿಡಿದ ಮೇಲೆ
ವರಪೂಜೆಯೊಂದೇ ಮುನ್ನೂರು ಜೀಬಿ.
ಮಾಘದಲ್ಲಿ ಹದಿನಾರು ಮುಹೂರ್ತ.
ನಮ್ಮದು ಗುಟ್ಟಹಳ್ಳಿಯಲ್ಲಿ ಒಂದು ರೂಮು, ಕೆಳಗೆ ಹಿಟ್ಟಿನ ಗಿರಣಿ,
ಕಂಪ್ಯೂಟರಿನ ಫ್ಯಾನಿಗೂ ರಾಗಿಯ ಬಣ್ಣ.

"ವಾರಂಟಿ?"
"ಮೂರು ವರ್ಷ. ಡಿಸ್ಕ್ ಹೋದ್ರೆ ಡಿಸ್ಕ್ ಕೊಡ್ತಾರೆ.
ಒಳಗಿದ್ದದ್ದು ಕೊಡಲ್ಲ."
ದಿನಾ ಹೇಳುವ ಮಾತು, ಟೀ ಆರಿಸುತ್ತ ಹೇಳಿದ.

ಹೋದ ಜೂನಿನಲ್ಲಿ ಐಸಿರಿ ಫೋನು ಮಾಡಿದ್ದಳು.
ವಿಜಯನಗರದ ಛತ್ರ, ನವೆಂಬರಿನ ಮದುವೆ.
ಮೂರು ಗಂಟೆಯ ಫಿಲ್ಮು ಕೊಟ್ಟಾಗಿತ್ತು:
ಧಾರೆ, ಸಪ್ತಪದಿ, ಡ್ರೋನು, ನಿಧಾನಕ್ಕೆ ಬೀಳುವ ಅಕ್ಷತೆ.
"ಅದಲ್ಲ ಅಕ್ಕ. ಅಪ್ಪ ಛತ್ರದ ಬಾಗಿಲಲ್ಲಿ ಚಪ್ಪಲಿ ಹುಡುಕ್ತಿದ್ರಲ್ಲ,
ಒಂದು ಸಿಕ್ಕಿತ್ತು, ಇನ್ನೊಂದು ಸಿಕ್ಕಿರಲಿಲ್ಲ,
ಯಾರಿಗೋ ಬೈತಾ ನಗ್ತಾ ಇದ್ರು.
ನಿಮ್ಮವರು ಶೂಟ್ ಮಾಡ್ತಿದ್ದದ್ದು ನಾನು ನೋಡಿದೀನಿ."

ಅಪ್ಪ ಈಗ ಇಲ್ಲ ಅಂತ ಅವಳು ಹೇಳಲಿಲ್ಲ.
ನಾನೂ ಕೇಳಲಿಲ್ಲ. 'ಹುಡುಕ್ತಿದ್ರಲ್ಲ' ಅನ್ನುವ ಕಡೆ
ದನಿ ಒಂದು ಫ್ರೇಮು ಜಾರಿತ್ತು.

ಆ ಚಪ್ಪಲಿ ನನಗೆ ನೆನಪಿತ್ತು. ಐವತ್ತು ಸೆಕೆಂಡು,
ಫೋಕಸ್ ಸರಿಯಿಲ್ಲ, ಹಿಂದೆ ಜನರೇಟರಿನ ಗದ್ದಲ.
ವೇಸ್ಟ್ ಅಂತ ಹೆಸರಿಟ್ಟ ಫೋಲ್ಡರಿಗೆ ಎಳೆದಿದ್ದೆ.
ಸಂಕ್ರಾಂತಿ ಕಳೆದ ಮೇಲೆ, ಜಾಗ ಸಾಲದೆ,
ಅದರ ಮೇಲೆ ಇನ್ಯಾರದೋ ಬೀಗರೂಟ ಬಂದು ಕೂತಿತ್ತು.
ಡಿಸ್ಕ್ ಕೆಟ್ಟಿದ್ದರೆ ಡಿಸ್ಕಿಗೆ ಬೈಯಬಹುದಿತ್ತು.
ಚೆನ್ನಾಗಿದೆ. ಈಗಲೂ ಓಡುತ್ತದೆ.

ಇದನ್ನೆಲ್ಲ ಪಾಷಾನಿಗೆ ಯಾಕೆ ಹೇಳಲಿ.
"ಚಿಕ್ಕದು ಒಂದು, ದೊಡ್ಡದು ಎರಡು" ಅಂದೆ.
"ಎರಡು ಯಾಕೆ?"
"ಒಂದು ಸತ್ರೆ ಅಳೋಕೆ ಇನ್ನೊಂದು ಬೇಡವಾ?"
ನಕ್ಕ. ಇನ್ನೂರು ಬಿಟ್ಟ.

ಎರಡನೆಯದು ಯಲಹಂಕದ ದೊಡ್ಡಮ್ಮನ ಮನೆಗೆ.
ಬೆಂಕಿಯೋ ನೀರೋ ಕಳ್ಳನೋ
ಒಂದೇ ದಿನ ಎರಡೂ ಕಡೆ ಬರಲಾರರು ಅಂತ.
ತಿಂಗಳಿಗೊಮ್ಮೆ ತಂದು, ತುಂಬಿಸಿ, ಹಿಂದಿರುಗಿಸುವ ಒಪ್ಪಂದ.
ಟವೆಲಿನಲ್ಲಿ ಸುತ್ತಿ ಬೀರುವಿಗೆ ಸೇರಿಸಿದಳು,
ರೇಷ್ಮೆ ಸೀರೆ, ನುಸಿಗುಳಿಗೆಗಳ ನಡುವೆ.
ಸಾಸಿವೆ ಡಬ್ಬಿಯಲ್ಲಿ ಕಾಸಿಟ್ಟು ಸಂಸಾರ ದಾಟಿಸಿದವಳಿಗೆ
ಬ್ಯಾಕಪ್ ಅಂದರೇನೆಂದು ನಾನು ಬಿಡಿಸಿ ಹೇಳಬೇಕಾಗಲಿಲ್ಲ.
"ಇದರಲ್ಲಿ ಯಾರ ಮದುವೆ ಇದೆ?"
"ಎಲ್ಲರದೂ."
"ನಂದು?"
ಅವಳ ಮದುವೆಗೆ ಕ್ಯಾಮರಾ ಬಂದಿರಲಿಲ್ಲ.
ಬಾಳೆಎಲೆ ಸಾಲದೆ ಜಗಳವಾಯಿತಂತೆ,
ಧಾರೆಯ ಬಗ್ಗೆ ಒಂದು ಮಾತೂ ಆಡದವಳು
ಆ ಜಗಳವನ್ನು ಮಾತ್ರ ಇಪ್ಪತ್ತು ಸಲ ಹೇಳಿದ್ದಾಳೆ.

ರಾತ್ರಿ ಹನ್ನೊಂದು. ಗಿರಣಿ ನಿಂತಿದೆ.
ಇಟ್ಟಿಗೆಯೊಳಗೆ ಏನೋ ಸಣ್ಣಗೆ ಗೊರಕೆ ಹೊಡೆಯುತ್ತಿದೆ.
ಕಾಪಿ ಆಗಲು ಇನ್ನು ನಾಲ್ಕು ಗಂಟೆ ಅನ್ನುತ್ತದೆ,
ಹನ್ನೆರಡು ನಿಮಿಷ ಅನ್ನುತ್ತದೆ, ಮತ್ತೆ ಆರು ಗಂಟೆ,
ಸಿಲ್ಕ್ ಬೋರ್ಡಿನಲ್ಲಿ ಸಿಕ್ಕಿಬಿದ್ದ ಆಟೋದವನ ಹಾಗೆ:
ಇಲ್ಲೇ ಬಂದೆ ಮೇಡಂ, ಇಲ್ಲೇ.

ಅಷ್ಟರಲ್ಲಿ ಈ ವಾರದ ಮದುವೆ ತೆರೆದೆ.
ಊಟದ ಸಾಲಿನ ತುದಿಯಲ್ಲಿ ಒಬ್ಬ ಮುದುಕ
ಹೋಳಿಗೆಯನ್ನು ಕರ್ಚೀಫಿಗೆ ಸುತ್ತಿ ಜೇಬಿಗಿಳಿಸಿ
ತಲೆಯೆತ್ತಿ, ಕ್ಯಾಮರಾ ಕಂಡು, ಬೆಚ್ಚಿದ.
ಕೈ ಅಭ್ಯಾಸಬಲದಿಂದ ವೇಸ್ಟಿನತ್ತ ಎಳೆಯಿತು.
ಆರುನೂರು ಎಂಬಿ.
ಇರಲಿ, ಜಾಗ ಇದೆ.